ಲೈನ್ ಮನೆಯವರ ಹೆಸರು ಯಾವ ಪಟ್ಟಿಯಲ್ಲಿದೆ?

ಪ್ರಶ್ನೆ: ನಾವು ಪಾಂಡವಪುರ, ಶ್ರೀರಂಗಪಟ್ಟಣ ಕಡೆಯವರು, ಸುಮಾರು 40 ಜನ. ಗುಡ್ಡ ಕುಸಿದಾಗ 2018ರಲ್ಲಿ ಕೊಡಗಿಗೆ, 2024ರಲ್ಲಿ ಕೇರಳದ ವಯನಾಡಿಗೆ ಅಕ್ಕಿ, ಬಟ್ಟೆ, ಹೊದಿಕೆ ಕಳಿಸಿದ್ದೆವು. ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನವರು ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳಲ್ಲಿ ಇರುವ ಕೂಲಿಯವರಿಗೆ ಅದರಲ್ಲಿ ತಲುಪಿದ್ದು ಕಡಿಮೆ ಎಂದು ಆಮೇಲೆ ಗೊತ್ತಾಯಿತು. ನಮ್ಮ ಗುಂಪಿನಲ್ಲಿ ಮೂರೂ ಪಕ್ಷದವರಿದ್ದಾರೆ. ಮುಂದೆ ಇಂಥದ್ದಾದರೆ ಏನು ಕಳಿಸಬೇಕು, ಯಾರ ಮೂಲಕ ಕಳಿಸಬೇಕು? ಪಕ್ಷದವರನ್ನೆಲ್ಲ ಒಂದೇ ಕೆಲಸಕ್ಕೆ ಹಚ್ಚುವುದು ಹೇಗೆ?

ಉತ್ತರ: ಅಕ್ಕಿ, ಬಟ್ಟೆಯ ವಿಚಾರಕ್ಕೆ ಆಮೇಲೆ ಬರೋಣ. ನಿಮ್ಮ ಲಾರಿ ದಾರಿ ತಪ್ಪಿದ್ದರಿಂದ ಹೀಗಾಗಿದ್ದಲ್ಲ. ನಮ್ಮಲ್ಲಿ ವಿಪತ್ತು ಪರಿಹಾರ ಎನ್ನುವುದು ಪಹಣಿಯ ಜಾಡು ಹಿಡಿದು ಹೋಗುತ್ತದೆ. ಜಮೀನು ಯಾರದು, ಮನೆ ಯಾರ ಹೆಸರಿನಲ್ಲಿದೆ, ಪಡಿತರ ಚೀಟಿ ಯಾವ ಊರಿನದು ಎಂದು ಕೇಳಿಕೊಂಡೇ ಹಣ ಇಳಿಯುತ್ತದೆ. ಲೈನ್ ಮನೆಯಲ್ಲಿರುವವರಿಗೆ ಈ ಮೂರು ಪ್ರಶ್ನೆಗೂ ಉತ್ತರವಿಲ್ಲ. ಜಮೀನು ಸಾಹುಕಾರರದು ಅಥವಾ ಕಂಪನಿಯದು, ಮನೆಯೂ ಅವರದೇ, ಚೀಟಿ ಎಲ್ಲೋ ಹುಟ್ಟಿದೂರಿನದು. ಮೂವತ್ತು ವರ್ಷ ಒಂದೇ ಲೈನಿನಲ್ಲಿದ್ದು ಮಕ್ಕಳ ಮದುವೆಯನ್ನೂ ಅಲ್ಲೇ ಮಾಡಿದ ಹೆಂಗಸು ಸರ್ಕಾರದ ಕಡತದಲ್ಲಿ ಅಲ್ಲಿ ವಾಸವಿದ್ದವಳೇ ಅಲ್ಲ ಎಂದಾಗಬಹುದು. ಪಕ್ಷಗಳು ಒಟ್ಟಾಗಬೇಕಾದ ಮೊದಲ ಕೆಲಸ ಇದು: ಆ ಹೆಸರುಗಳನ್ನು ಒಂದು ಪಟ್ಟಿಗೆ ಸೇರಿಸಿ, ಎಲ್ಲರೂ ಅದಕ್ಕೆ ಸಹಿ ಹಾಕುವುದು.

ಲೆಕ್ಕ ನೋಡಿ. ರಾಜ್ಯ ವಿಪತ್ತು ಸ್ಪಂದನ ನಿಧಿಯಿಂದ ಕೊಡಲು ಕೇಂದ್ರ 2022–26ರ ಅವಧಿಗೆ ನಿಗದಿ ಮಾಡಿದ ದರದಲ್ಲಿ ಸಾವಿಗೆ 4 ಲಕ್ಷ ರೂಪಾಯಿ, ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ 1.30 ಲಕ್ಷ, ಬಯಲು ಸೀಮೆಯಲ್ಲಾದರೆ 1.20 ಲಕ್ಷ. ಬಟ್ಟೆಬರೆಗೆ 2,500, ಪಾತ್ರೆಪಡಗಕ್ಕೆ 2,500. ಕರೆಯುವ ಹಸು, ಎಮ್ಮೆ ಸತ್ತರೆ ತಲಾ 37,500. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆ ಹಾಳಾದರೆ ಹೆಕ್ಟೇರಿಗೆ 22,500, ಅದೂ ಎರಡು ಹೆಕ್ಟೇರಿಗೆ ಮಾತ್ರ. ಇದರಲ್ಲಿ ಸಾವಿನ ಪರಿಹಾರ, ಬಟ್ಟೆ, ಪಾತ್ರೆಯ ಹಣ, ಸ್ವಂತ ಹಸು, ಎಮ್ಮೆ ಇದ್ದರೆ ಅದರ ಹಣ ಇಷ್ಟಕ್ಕೆ ಮಾತ್ರ ಕೂಲಿಯವರು ನೇರವಾಗಿ ಹಕ್ಕುದಾರರು. ಬೆಳೆಯ ಹಣ ತೋಟದವರದು. ಮನೆಯ ಹಣಕ್ಕೆ, ಅದು ಅಧಿಕೃತ ಕಟ್ಟಡವೆಂದು ಸಕ್ಷಮ ಅಧಿಕಾರಿ ದೃಢೀಕರಿಸಬೇಕೆಂಬ ಷರತ್ತಿದೆ. ಲೈನ್ ಮನೆಯ ವಿಷಯದಲ್ಲಿ ಆ ಕಾಗದ ಎಸ್ಟೇಟಿನ ಕಬ್ಬಿಣದ ಬೀರುವಿನಲ್ಲಿರುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಾನೂನಿನ ಅಂಶ ಇಲ್ಲಿದೆ, ಇದನ್ನು ಗಟ್ಟಿಯಾಗಿ ನೆನಪಿಡಿ. 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ ದೊಡ್ಡ ತೋಟಗಳಲ್ಲಿ ಕಾರ್ಮಿಕರಿಗೆ ಮನೆ ಒದಗಿಸುವುದು ಮಾಲೀಕರ ಹೊಣೆ. 1981ರ ತಿದ್ದುಪಡಿ ಅದಕ್ಕೆ ಇನ್ನೊಂದು ಮಾತು ಸೇರಿಸಿತು: ಮಾಲೀಕರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೋ ಅವರ ಮನೆಯವರಿಗೋ ಸಾವುನೋವಾದರೆ ಮಾಲೀಕರೇ ಪರಿಹಾರ ಕೊಡಬೇಕು. ಕುಸಿತಕ್ಕೆ ವಾಸವಿದ್ದವರ ತಪ್ಪು ಅಥವಾ ಪ್ರಕೃತಿ ವಿಕೋಪವೊಂದೇ ನೇರ ಕಾರಣವಾಗಿದ್ದರೆ ಮಾತ್ರ ಈ ಹೊಣೆಯಿಲ್ಲ. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಹಾಗೇ ಉಳಿದಿದೆ. ‘ಒಂದೇ’ ಎನ್ನುವ ಪದದಲ್ಲೇ ಎಲ್ಲ ಇರುವುದು. ಬರೆಯನ್ನು, ಅಂದರೆ ಗುಡ್ಡದ ಬದಿಯ ಮಣ್ಣಿನ ದಿಬ್ಬವನ್ನು, ನೇರವಾಗಿ ಕಡಿದು ಅದರ ಬುಡಕ್ಕೆ ಲೈನ್ ಕಟ್ಟಿದ್ದರೆ, ಹಿಂದಿನ ಚರಂಡಿ ಹೂತುಹೋಗಿ ವರ್ಷಗಳಾಗಿದ್ದರೆ, ಗೋಡೆ ಬಿರುಕು ಬಿಟ್ಟಿದೆಯೆಂದು ಕಾರ್ಮಿಕರು ಮೊದಲೇ ದೂರಿದ್ದರೆ, ಕಾರಣ ಮಳೆಯೊಂದೇ ಅಲ್ಲ ಎಂದು ವಾದಿಸಬಹುದು. ಆದರೆ ಪುರಾವೆ ಬೇಕು. ಜೆಸಿಬಿ ಬಂದು ಮಣ್ಣು ಬಳಿದ ಮೇಲೆ ಪುರಾವೆ ಎಲ್ಲಿಂದ ಬರಬೇಕು? ಆದ್ದರಿಂದ ಜೀವ ಉಳಿಸುವ ಕೆಲಸ ಮುಗಿದ ಕೂಡಲೇ, ತೆರವು ಶುರುವಾಗುವ ಮೊದಲು, ಒಂದೊಂದು ಲೈನಿನ ನಾಲ್ಕೂ ಬದಿಯ ಫೋಟೊ ತೆಗೆಸಿ. ಹಿಂದಿನ ಬರೆ, ಚರಂಡಿ, ಉಳಿದ ಅಡಿಪಾಯ ಕಾಣುವಂತಿರಲಿ, ದಿನಾಂಕ ಮತ್ತು ಸ್ಥಳದ ಗುರುತು ಚಿತ್ರದಲ್ಲೇ ಮೂಡುವಂತಿರಲಿ. ನೂರು ಚೀಲ ಅಕ್ಕಿ ಮಾಡಲಾಗದ ಕೆಲಸವನ್ನು ಈ ಫೋಟೊಗಳು ಮಾಡುತ್ತವೆ.

ಸುಮ್ಮನೆ ಹೆದರಿಸಲು ಹೇಳುತ್ತಿರುವ ಮಾತಲ್ಲ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಚಹಾ ತೋಟದ ಲೈನುಗಳ ಮೇಲೆ ಬಿತ್ತು. ಸತ್ತವರು, ಸಿಗದೇ ಹೋದವರು ಸೇರಿ 70 ಜನ. ಬೇರೆ ಬೇರೆ ತಲೆಮಾರಿನವರು ಒಂದೇ ಸೂರಿನ ಸಾಲಿನಲ್ಲಿದ್ದರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗಲೂ ಸತ್ತವರಲ್ಲಿ ಚಹಾ ತೋಟದ ಕೆಲಸಗಾರರು ಬಹಳ ಮಂದಿ. ಅಲ್ಲಿ ಲೈನ್ ಮನೆಗೆ ‘ಪಾಡಿ’ ಎನ್ನುತ್ತಾರೆ, ಫೋನಿನಲ್ಲಿ ವಿಚಾರಿಸುವಾಗ ಆ ಪದವನ್ನೇ ಬಳಸಿ. ಮಂಡ್ಯ, ಚಾಮರಾಜನಗರ ಮೂಲದವರೂ ಅಲ್ಲಿ ಜೀವ ಕಳೆದುಕೊಂಡರು. ಕಬಿನಿ ತುಂಬಿಸುವ ಮಳೆ ವಯನಾಡಿನದು, ಕನ್ನಂಬಾಡಿ ತುಂಬಿಸುವ ಮಳೆ ಕೊಡಗಿನದು. ಆ ಗುಡ್ಡಗಳಲ್ಲಿ ಕೂಲಿಗೆ ಹೋಗುವವರು ನಮ್ಮೂರಿನವರೇ. ಇದನ್ನು ಬೇರೆ ರಾಜ್ಯದ ವಿಷಯ ಎನ್ನಲು ಮೈಸೂರು, ಮಂಡ್ಯದವರಿಗಂತೂ ಬಾಯಿ ಬರಬಾರದು.

ಇನ್ನು ಪಟ್ಟಿ ಮಾಡುವ ಬಗೆ. ಒಂದೇ ದಾಖಲೆಯನ್ನು ನಂಬಬೇಡಿ. ಎಸ್ಟೇಟಿನ ಹಾಜರಿ ಪುಸ್ತಕ ಮತ್ತು ಬಟವಾಡೆ ಪುಸ್ತಕದಲ್ಲಿ ಕಾಯಂ ಕೆಲಸಗಾರರ ಹೆಸರಿರುತ್ತದೆ, ಕೂಲಿಯವರನ್ನು ಕರೆತರುವ ಮೇಸ್ತ್ರಿಯ ಮೂಲಕ ಬಂದ ಹಂಗಾಮಿಯವರದು ಇರುವುದಿಲ್ಲ. ಭವಿಷ್ಯ ನಿಧಿಯ ದಾಖಲೆಯಲ್ಲಿ ದುಡಿಯುವವರಿರುತ್ತಾರೆ, ಮುದುಕರು, ಮಕ್ಕಳು ಇರುವುದಿಲ್ಲ. ಅಂಗನವಾಡಿ ಮತ್ತು ಶಾಲೆಯ ದಾಖಲಾತಿಯಲ್ಲಿ ಮಕ್ಕಳು ಸಿಗುತ್ತಾರೆ. ಆಶಾ ಕಾರ್ಯಕರ್ತೆಯ ಪುಸ್ತಕ ಎಲ್ಲಕ್ಕಿಂತ ಮೇಲು, ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಯವರು ಯಾವ ಲೈನಿನ ಎಷ್ಟನೇ ಮನೆಯಲ್ಲಿದ್ದಾರೆಂದು ಅವರಿಗೆ ಬಾಯಲ್ಲೇ ಗೊತ್ತಿರುತ್ತದೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಮೇಲಿನ ಯಾವುದೂ ಇಲ್ಲದಿರಬಹುದು. ಮೇಸ್ತ್ರಿಯ ಮೊಬೈಲಿನಲ್ಲಿರುವ ನಂಬರುಗಳೇ ಅವರ ದಾಖಲೆ. ಕೊಡಗಿನಲ್ಲಾದರೆ ಯರವರು, ಜೇನು ಕುರುಬರನ್ನು ಬೇರೆಯಾಗಿ ಕೇಳಿ ಬರೆಯಬೇಕು. ಮನೆ ಮನೆಯನ್ನೂ ಲೈನಿನ ಕ್ರಮದಲ್ಲೇ, ನಕ್ಷೆ ಬರೆದುಕೊಂಡು ಗುರುತಿಸಿದರೆ ತಪ್ಪು ಕಡಿಮೆ. ಅಕ್ಷರದ ಕ್ರಮದಲ್ಲಿ ಬರೆದ ಪಟ್ಟಿಯಲ್ಲಿ ಒಂದು ಮನೆಯೇ ಬಿಟ್ಟುಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಸಹಿ ಯಾರ ಯಾರದ್ದು ಬೇಕು? ಪಂಚಾಯಿತಿ ಅಧ್ಯಕ್ಷರು, ಎದುರು ಪಕ್ಷದ ಕನಿಷ್ಠ ಒಬ್ಬ ಸದಸ್ಯರು, ಗ್ರಾಮ ಆಡಳಿತಾಧಿಕಾರಿ, ಎಸ್ಟೇಟ್ ಮ್ಯಾನೇಜರ್ ಇಲ್ಲವೇ ರೈಟರ್ (ತೋಟದ ಲೆಕ್ಕ ಬರೆಯುವವರು), ಅಲ್ಲಿರುವ ಪ್ರತಿಯೊಂದು ಕಾರ್ಮಿಕ ಸಂಘದ ಒಬ್ಬೊಬ್ಬರು, ಆಶಾ ಕಾರ್ಯಕರ್ತೆ. ಒಂದು ಸಂಘದವರು ಬಿಟ್ಟುಹೋದರೆ ಆ ಪಟ್ಟಿಗೆ ಸಮನಾಗಿ ಇನ್ನೊಂದು ಪಟ್ಟಿ ಹುಟ್ಟುತ್ತದೆ, ಅಧಿಕಾರಿ ಎರಡನ್ನೂ ಬದಿಗಿಡುತ್ತಾರೆ. ಕರಡನ್ನು ಪರಿಹಾರ ಶಿಬಿರದ ಬಾಗಿಲಿಗೆ ಅಂಟಿಸಿ, ಗಟ್ಟಿಯಾಗಿ ಓದಿ ಹೇಳಿಸಿ, ಒಂದು ವಾರ ಆಕ್ಷೇಪಣೆಗೆ ಬಿಡಬೇಕು. ವಯನಾಡಿನಲ್ಲಿ ಮನೆ ಕೊಡಲು 388 ಕುಟುಂಬಗಳ ಕರಡು ಪಟ್ಟಿ ಹೊರಬಂದದ್ದು 2024ರ ಡಿಸೆಂಬರಿನಲ್ಲಿ, ದುರಂತ ನಡೆದು ನಾಲ್ಕೂವರೆ ತಿಂಗಳ ಮೇಲೆ. ಕೆಲವರ ಹೆಸರು ಎರಡೆರಡು ಸಲ, ಕೆಲವರದು ಇಲ್ಲವೇ ಇಲ್ಲ ಎಂದು ಸಂತ್ರಸ್ತರು ಬೀದಿಗಿಳಿದರು. ಜನ ಒಂದೇ ಶಿಬಿರದಲ್ಲಿದ್ದ ಮೊದಲ ಹತ್ತು ದಿನದಲ್ಲಿ ಬರೆದಿದ್ದರೆ ಕೆಲಸ ಸುಲಭವಿತ್ತು. ಬಾಡಿಗೆ ಮನೆಗಳಿಗೆ ಚದುರಿದ ಮೇಲೆ ಒಬ್ಬೊಬ್ಬರನ್ನೂ ಹುಡುಕಬೇಕು.

ನಿಮ್ಮಂಥ ಗುಂಪಿಗೆ ಇಲ್ಲಿ ಬೇರೆ ಯಾರೂ ಮಾಡಲಾಗದ ಕೆಲಸವೊಂದಿದೆ. ಮಂಡ್ಯ ಮೂಲದ ಕುಟುಂಬವೊಂದು ಎಸ್ಟೇಟಿನಲ್ಲಿ ಸಿಕ್ಕಿಹಾಕಿಕೊಂಡರೆ ಅವರ ಕಾಗದಪತ್ರದ ಬೇರು ನಿಮ್ಮ ತಾಲ್ಲೂಕಿನಲ್ಲಿರುತ್ತದೆ. ಸಾವಿನ ಪರಿಹಾರಕ್ಕೆ ವಾರಸುದಾರರು ಯಾರೆಂದು ತೋರಿಸಲು ವಂಶವೃಕ್ಷ ಬೇಕು, ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಪಡಿತರ ಚೀಟಿಯ ಪ್ರತಿ, ಆಧಾರ್ ಸಂಖ್ಯೆ, ಬ್ಯಾಂಕ್ ಪುಸ್ತಕ ಎಲ್ಲ ಕೆಸರಿನಲ್ಲಿ ಹೋಗಿರುತ್ತದೆ. ಊರಿನಲ್ಲಿರುವ ನೆಂಟರನ್ನು ಕೂರಿಸಿಕೊಂಡು, ತಹಶೀಲ್ದಾರರ ಕಚೇರಿಯಲ್ಲಿ ಒಂದೇ ಸಲಕ್ಕೆ ಮಾಡಿಸಿ, ಅಲ್ಲಿಗೆ ತಲುಪಿಸಿ. ಶವ ಸಿಗದವರ ಮನೆಯವರ ಕಷ್ಟ ಇನ್ನೂ ದೊಡ್ಡದು. ಸಾಮಾನ್ಯ ಕಾನೂನಿನಲ್ಲಿ ನಾಪತ್ತೆಯಾದವರು ಸತ್ತರೆಂದು ಭಾವಿಸಲು 7 ವರ್ಷ ಕಾಯಬೇಕು. ವಯನಾಡಿನಲ್ಲಿ ಕೇರಳ ಸರ್ಕಾರ ಸ್ಥಳೀಯ ಸಮಿತಿಗಳ ಮೂಲಕ ಪಟ್ಟಿ ಮಾಡಿಸಿ, 2025ರ ಜನವರಿಯಲ್ಲಿ ಅವರನ್ನು ಮೃತರೆಂದು ಪರಿಗಣಿಸಲು ತೀರ್ಮಾನಿಸಿತು. ಕೊನೆಯ ಸಲ ಫೋನಿನಲ್ಲಿ ಮಾತಾಡಿದ್ದು ಯಾವಾಗ, ಅಲ್ಲೇ ಇದ್ದರೆಂದು ಯಾರು ಹೇಳುತ್ತಾರೆ ಎಂಬುದನ್ನು ಊರಿನ ನೆಂಟರಿಂದ ಬರೆಸಿ ಪೊಲೀಸ್ ದೂರಿನ ಜೊತೆ ಸೇರಿಸಿದರೆ ಅಂಥ ಸಮಿತಿಯ ಕೆಲಸ ಬೇಗ ಆಗುತ್ತದೆ.

ಬ್ಯಾಂಕಿನ ವಿಷಯದಲ್ಲೂ ಎಚ್ಚರ. ವಯನಾಡಿನಲ್ಲಿ ಸಂತ್ರಸ್ತರ ಖಾತೆಗೆ ತುರ್ತು ಪರಿಹಾರವೆಂದು ಬಂದ 10,000 ರೂಪಾಯಿಯಲ್ಲೇ ಬ್ಯಾಂಕೊಂದು ಹಳೆಯ ಸಾಲದ ಕಂತು ಕತ್ತರಿಸಿಕೊಂಡಿತು. ಗಲಾಟೆಯಾದ ಮೇಲೆ ಹಿಂದಿರುಗಿಸಿದರು. ಕಂತು ತನ್ನಿಂತಾನೇ ಕಡಿತವಾಗುವ ಏರ್ಪಾಡು ಇದ್ದಲ್ಲೆಲ್ಲ ಇದು ಮರುಕಳಿಸಬಹುದು. ಪರಿಹಾರ ಬರುವ ಮೊದಲೇ ಆ ಕಡಿತ ನಿಲ್ಲಿಸಲು ಶಾಖೆಗೆ ಪತ್ರ ಕೊಡಿಸಿ ಸ್ವೀಕೃತಿ ಪಡೆಯಬೇಕು.

ರಾಜಕೀಯದ ಪ್ರಶ್ನೆಗೆ ಬರೋಣ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ ಕಡೆ ಗುಡ್ಡಗಳು ಜರಿದಾಗ ರಾಜ್ಯದಲ್ಲಿ ಜೆಡಿಎಸ್–ಕಾಂಗ್ರೆಸ್ ಸರ್ಕಾರ. ಕೊಡಗಿನ ಇಬ್ಬರು ಶಾಸಕರು, ಸಂಸದರು, ಕೇಂದ್ರ ಸರ್ಕಾರ ಎಲ್ಲ ಬಿಜೆಪಿ. ಆದರೂ ಮನೆ ಕಳೆದುಕೊಂಡವರಿಗೆ ತಲಾ 9.85 ಲಕ್ಷದ ಮನೆ ಎಂದು ನಿರ್ಧಾರವಾಯಿತು, ಮನೆ ಸಿಗುವವರೆಗೆ ತಿಂಗಳಿಗೆ 10,000 ಬಾಡಿಗೆ ಕೊಟ್ಟರು, ದಾನಿ ಸಂಸ್ಥೆಗಳೂ ಕಟ್ಟಲು ಬಂದವು. ಮದೆನಾಡು, ಜಂಬೂರಿನಲ್ಲಿ ಬೀಗದ ಕೈ ಸಿಕ್ಕಿದ್ದು 2020ರ ಜೂನಿನಲ್ಲಿ. ಎರಡು ವರ್ಷ ಹಿಡಿದದ್ದು ಗೋಡೆ ಕಟ್ಟಲು ಅಲ್ಲ. ಗುಡ್ಡಗಾಡಿನಲ್ಲಿ ಜಾರದ, ಕಾಡಿಗೆ ಸೇರದ, ತಕರಾರಿಲ್ಲದ ಜಮೀನು ಸಿಗುವುದೇ ದೊಡ್ಡ ಸಾಹಸ. ಸಿಕ್ಕಿದ್ದನ್ನು ಸಮತಟ್ಟು ಮಾಡಿ ರಸ್ತೆ, ನೀರು ತರಲು ಎರಡು ಮಳೆಗಾಲ ಹೋಗುತ್ತದೆ.

ವಯನಾಡಿನಲ್ಲೂ ಗಂಟು ಜಮೀನಿನದೇ. 2024ರ ಆಗಸ್ಟ್ 3ರಂದು ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ 100 ಮನೆ ಕಟ್ಟಿಸಿಕೊಡುವುದಾಗಿ ಘೋಷಿಸಿದರು. ಡಿಸೆಂಬರಿನಲ್ಲಿ, ಇನ್ನೂ ನಿಮ್ಮಿಂದ ಉತ್ತರ ಬಂದಿಲ್ಲ ಎಂದು ಸಿದ್ದರಾಮಯ್ಯನವರೇ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆಯಬೇಕಾಯಿತು. ಯಾರ ಮನಸ್ಸಿನಲ್ಲಿ ಏನಿತ್ತೆಂದು ಚರ್ಚೆ ಬೇಕಾದಷ್ಟಾಯಿತು. ಆದರೆ ಮನೆ ಕಟ್ಟಲು ಗೊತ್ತುಮಾಡಿದ್ದ ಎಸ್ಟೇಟ್ ಜಮೀನಿನ ವ್ಯಾಜ್ಯ ಆಗ ಹೈಕೋರ್ಟಿನಲ್ಲಿತ್ತು, ಡಿಸೆಂಬರ್ ಕೊನೆಯಲ್ಲಿ ತೀರ್ಪು ಬಂತು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಶಂಕುಸ್ಥಾಪನೆಯಾದದ್ದು 2025ರ ಮಾರ್ಚ್ 27ಕ್ಕೆ. ಒಂದೊಂದು ಕುಟುಂಬಕ್ಕೆ 7 ಸೆಂಟ್ ಜಾಗದಲ್ಲಿ 1,000 ಚದರಡಿಯ ಮನೆ, ಬೇಡವೆಂದವರಿಗೆ 15 ಲಕ್ಷ. ದಾನಿಗಳಿಂದ ಒಂದು ಮನೆಗೆ ಕೇಳಿದ್ದು 20 ಲಕ್ಷ. 1.30 ಲಕ್ಷಕ್ಕೂ ಇಪ್ಪತ್ತು ಲಕ್ಷಕ್ಕೂ ಇರುವ ದೂರವನ್ನು ಸರ್ಕಾರಗಳು, ಪಕ್ಷಗಳು, ದಾನಿಗಳು ಕೂಡಿಯೇ ತುಂಬಬೇಕು, ಬೇರೆ ದಾರಿಯಿಲ್ಲ. ಜೊತೆಗೆ ಇನ್ನೊಂದು ನೋವಿನ ವಿಷಯ: ಅದೇ ಎಲ್‌ಸ್ಟನ್ ತೋಟದ ಕಾರ್ಮಿಕರಿಗೆ ಸಂಬಳ, ಭವಿಷ್ಯ ನಿಧಿ, ಗ್ರಾಚುಯಿಟಿ ಬಾಕಿಯಿತ್ತು, ನಮ್ಮ ಬಾಕಿ ತೀರಿಸಿ ಆಮೇಲೆ ಕಟ್ಟಿ ಎಂದು ಅವರೂ ಪ್ರತಿಭಟನೆಗೆ ಕೂತರು. ಒಬ್ಬ ಕಾರ್ಮಿಕರಿಗೆ ಮನೆ ಕೊಡಲು ಇನ್ನೊಬ್ಬ ಕಾರ್ಮಿಕರ ತುತ್ತು ತಪ್ಪಬಾರದು. ಎಸ್ಟೇಟ್ ಜಮೀನು ಹಿಡಿಯುವ ಮಾತು ಬಂದ ದಿನವೇ ಅಲ್ಲಿನ ಬಾಕಿಯ ಲೆಕ್ಕವೂ ಮೇಜಿನ ಮೇಲೆ ಬರಬೇಕು.

ಪಕ್ಷಗಳು ಕೂಡಿದರೆ ಏನು ಸಾಧ್ಯ ಎಂಬುದಕ್ಕೂ ವಯನಾಡಿನಲ್ಲೇ ಉದಾಹರಣೆಯಿದೆ. ಕೇಂದ್ರದ ನೆರವು ಕೋರಿ ಕೇರಳ ವಿಧಾನಸಭೆ 2024ರ ಅಕ್ಟೋಬರಿನಲ್ಲಿ ಒಮ್ಮತದ ನಿರ್ಣಯ ಮಾಡಿತು. ಡಿಸೆಂಬರ್ ಕೊನೆಗೆ ಕೇಂದ್ರ ಅದನ್ನು ‘ಗಂಭೀರ ಸ್ವರೂಪದ ವಿಪತ್ತು’ ಎಂದು ಒಪ್ಪಿತು. ಆ ಮೂರು ಪದದ ಬೆಲೆ ತಿಳಿದಿರಲಿ. ಹಾಗೆ ಘೋಷಣೆಯಾದರೆ ದೇಶದ ಯಾವುದೇ ಸಂಸದರು ತಮ್ಮ ಕ್ಷೇತ್ರಾಭಿವೃದ್ಧಿ ನಿಧಿಯಿಂದ 1 ಕೋಟಿ ರೂಪಾಯಿವರೆಗೆ ಅಲ್ಲಿಗೆ ಶಿಫಾರಸು ಮಾಡಬಹುದು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ. ಎಲ್ಲರೂ ಬರೆದರೆ 40 ಕೋಟಿ. ನಿಮ್ಮಲ್ಲಿ ಮೂರೂ ಪಕ್ಷದವರಿರುವುದು ಇಲ್ಲಿ ಬಲು ದೊಡ್ಡ ಅನುಕೂಲ. ಒಂದೇ ಮನವಿ ಬರೆದು, ಕಾಮಗಾರಿ ಯಾವುದು, ಎಲ್ಲಿ, ಅಂದಾಜು ಎಷ್ಟು ಎಂದು ಆ ಜಿಲ್ಲಾಡಳಿತದಿಂದ ಪಡೆದು ಸೇರಿಸಿ, ಅವರವರ ಪಕ್ಷದ ಸಂಸದರ ಬಳಿಗೆ ಅವರವರೇ ಒಯ್ಯಲಿ. ಎದುರು ಪಕ್ಷದವರು ಒಯ್ದ ಮನವಿ ಕಡತದಲ್ಲಿ ಮಲಗುತ್ತದೆ. ಕೊಡಗಿನ ವಿಷಯದಲ್ಲಿ ಮೈಸೂರಿನವರಿಗೆ ಇನ್ನೂ ಹತ್ತಿರದ ದಾರಿಯಿದೆ. ಮೈಸೂರು–ಕೊಡಗು ಒಂದೇ ಲೋಕಸಭಾ ಕ್ಷೇತ್ರ, ಸಂಸದರು ಒಬ್ಬರೇ. ಲೈನ್ ಮನೆಯ ಎಷ್ಟೋ ಜನಕ್ಕೆ ಅಲ್ಲಿ ಮತವಿಲ್ಲ. ಮತವಿರುವ ಮೈಸೂರಿನವರಿಂದ ಕೇಳಿಸಿದರೆ ಮಾತಿಗೆ ತೂಕ ಬರುತ್ತದೆ.

ಗುಂಪಿನೊಳಗಿನ ಕಟ್ಟುಪಾಡು ಸರಳವಾಗಿರಲಿ. ಬ್ಯಾಂಕ್ ಖಾತೆಗೆ ಬೇರೆ ಬೇರೆ ಪಕ್ಷದ ಇಬ್ಬರ ಜಂಟಿ ಸಹಿ. ಚೀಲದ ಮೇಲೆ ಬಾವುಟ, ಭಾವಚಿತ್ರ, ಚಿಹ್ನೆ ಯಾವುದೂ ಬೇಡ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದರೆ ಅಂಥ ಚೀಲ ಜಪ್ತಿಯಾಗುತ್ತದೆ. 2024ರ ನವೆಂಬರಿನಲ್ಲಿ ವಯನಾಡು ಉಪಚುನಾವಣೆಯ ಹೊತ್ತಿನಲ್ಲಿ ತೋಲ್ಪೆಟ್ಟಿಯ ಬಳಿ ಹಾಗಾಗಿದೆ. ಅದೇ ದಿನಗಳಲ್ಲಿ ಮೇಪ್ಪಾಡಿಯಲ್ಲಿ ಹಂಚಿದ ಕಿಟ್ಟುಗಳಲ್ಲಿ ಹುಳು ಬಿದ್ದ ಅಕ್ಕಿ ಸಿಕ್ಕಿ, ಯಾರ ತಪ್ಪು ಎಂದು ಪಕ್ಷಗಳು ಕಿತ್ತಾಡಿದವು. ಮಳೆನಾಡಿನ ಗೋದಾಮಿನಲ್ಲಿ ಮೂರು ತಿಂಗಳಿಟ್ಟ ಅಕ್ಕಿಗೆ ಹುಳು ಬೀಳದೇ ಇರುತ್ತದೆಯೇ? ಒಂದೇ ಸಲ ಹೆಚ್ಚು ಕಳಿಸುವುದಕ್ಕಿಂತ ವಾರ ವಾರ ಕೇಳಿ ಕಳಿಸುವುದು ಲೇಸು.

ಸಾಮಾನಿನ ಲೆಕ್ಕ ಬೇಕೇ ಬೇಕೆಂದರೆ, ಐದು ಜನರ ಕುಟುಂಬಕ್ಕೆ ವಾರಕ್ಕೆ 14 ಕಿಲೋ ಅಕ್ಕಿ, 2 ಕಿಲೋ ತೊಗರಿಬೇಳೆ, 1 ಲೀಟರ್ ಎಣ್ಣೆ, 1 ಕಿಲೋ ಸಕ್ಕರೆ, ಕಾಲು ಕಿಲೋ ಚಹಾಪುಡಿ, ಉಪ್ಪು, ಖಾರದಪುಡಿ. ವಯನಾಡಿಗಾದರೆ ಕುಸುಬಲಕ್ಕಿ. ರಾಗಿಹಿಟ್ಟು ಕಳಿಸುವ ಆಸೆ ನಮ್ಮವರಿಗೆ ಸಹಜ, ಆದರೆ ಆ ತೇವದಲ್ಲಿ ಬೇಗ ಮುಗ್ಗಲು ಹಿಡಿಯುತ್ತದೆ. ಶಿಬಿರದಲ್ಲಿ ಅಡುಗೆ ಒಟ್ಟಿಗೆ ನಡೆಯುವುದರಿಂದ ಈ ಕಿಟ್ಟು ಬೇಕಾಗುವುದು ಜನ ಬಾಡಿಗೆ ಮನೆಗೆ ಹೋದ ಮೇಲೆ, ಅಂದರೆ ಮೂರನೇ ನಾಲ್ಕನೇ ವಾರದಲ್ಲಿ. ಮೊದಲ ವಾರದಲ್ಲಿ ಬೇಕಾಗುವುದು ಹೊಸ ಒಳಉಡುಪು, ನೈಟಿ, ಲುಂಗಿ, ಟವೆಲ್, ಸ್ಯಾನಿಟರಿ ಪ್ಯಾಡ್, ಬ್ಯಾಟರಿ ದೀಪ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ (ಅಲ್ಲಿನ ಆರೋಗ್ಯ ಕೇಂದ್ರ ಕೇಳಿದ್ದು ಮಾತ್ರ), ದಪ್ಪ ಟಾರ್ಪಾಲು ಮತ್ತು ಹಗ್ಗ. ಹಳೆ ಬಟ್ಟೆ ಖಂಡಿತ ಬೇಡ, ಅದನ್ನು ವಿಂಗಡಿಸಲು ನಾಲ್ಕು ಜನ ಬೇಕು, ಕೊನೆಗೆ ಮಳೆಯಲ್ಲಿ ಕೊಳೆಯುತ್ತದೆ. ಶಿಬಿರದಲ್ಲಿ ಒಬ್ಬೊಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು, 30 ಜನಕ್ಕೊಂದು ಶೌಚಾಲಯ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿಯಿದೆ. ಎಲ್ಲಿ ಕೊರತೆ ಕಂಡರೂ ಅದನ್ನು ಹೇಳಿಯೇ ಕೇಳಿ.

ಹೊರಡುವ ಮೊದಲು ಆ ಜಿಲ್ಲೆಯ 1077 ನಿಯಂತ್ರಣ ಕೊಠಡಿಗೆ ಪಟ್ಟಿ ಓದಿ ಹೇಳಿ, ಯಾವ ಕೇಂದ್ರದಲ್ಲಿ ಇಳಿಸಬೇಕೆಂದು ಕೇಳಿ, ಇಳಿಸಿದ್ದಕ್ಕೆ ರಸೀತಿ ಪಡೆಯಿರಿ. ಹೊರಗಿನಿಂದ ಕರೆ ಮಾಡುವಾಗ ಆ ಜಿಲ್ಲೆಯ ಎಸ್‌ಟಿಡಿ ಸಂಖ್ಯೆ ಮೊದಲು ಒತ್ತಬೇಕು, ಇಲ್ಲದಿದ್ದರೆ ನಿಮ್ಮ ಜಿಲ್ಲೆಯ ಕೊಠಡಿಗೇ ಹೋಗುತ್ತದೆ. ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ಹೆದ್ದಾರಿ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಎಚ್.ಡಿ. ಕೋಟೆ–ಬಾವಲಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಕಾಡಿನಂಚಿನ ಮದ್ದೂರು ಚೆಕ್‌ಪೋಸ್ಟ್ ಎಂದರೆ ನಿಮ್ಮ ಮಂಡ್ಯದ ಮದ್ದೂರಲ್ಲ, ಹೊಸ ಡ್ರೈವರಿಗೆ ಬಿಡಿಸಿ ಹೇಳಿ. ರಾತ್ರಿ ಹೋಗಲೇಬೇಕಾದರೆ ಹುಣಸೂರು, ಗೋಣಿಕೊಪ್ಪಲು, ಕುಟ್ಟ ಮೂಲಕ ಮಾನಂದವಾಡಿಗೆ ದಾರಿಯಿದೆ. ಭಾರಿ ವಾಹನಗಳಿಗೆ ಘಟ್ಟದಲ್ಲಿ ನಿಷೇಧ ಹಾಕಿರಬಹುದು, ಆದ್ದರಿಂದ ದೊಡ್ಡ ಲಾರಿಯ ಬದಲು ಎರಡು ಸಣ್ಣ ಗಾಡಿ ಒಳ್ಳೆಯದು.

ಹಣವಿದ್ದರೆ ಮೂರನೇ ತಿಂಗಳಿಗೆಂದು ತೆಗೆದಿಡಿ. ವಯನಾಡಿನಲ್ಲಿ ಸರ್ಕಾರ ಕೊಟ್ಟ ಬಾಡಿಗೆ ತಿಂಗಳಿಗೆ 6,000, ಜೀವನೋಪಾಯ ಕಳೆದುಕೊಂಡ ಕುಟುಂಬದ ಇಬ್ಬರಿಗೆ ದಿನಕ್ಕೆ 300ರಂತೆ ಮೊದಲು 30 ದಿನ. ಅವಧಿ ವಿಸ್ತರಿಸುವ ಆದೇಶ ಬರುವವರೆಗೆ ಮಧ್ಯೆ ಬರಿಗೈ. ತೋಟ ಮುಚ್ಚಿದ್ದರೆ ಬಟವಾಡೆಯಿಲ್ಲ, ಮಕ್ಕಳ ಬಸ್ಸಿನ ಖರ್ಚು ಹೊಸದಾಗಿ ಸೇರಿರುತ್ತದೆ. ಆಗ ಮನೆಗೆ ಮೂರು ಸಾವಿರ ರೂಪಾಯಿ ನೇರವಾಗಿ ಖಾತೆಗೆ ಹಾಕಿದರೆ ಅದರ ಉಪಯೋಗವೇ ಬೇರೆ.

ವಯನಾಡು ಕುಸಿದದ್ದು ಪುಷ್ಯ ಮಳೆಯಲ್ಲಿ, ಪೆಟ್ಟಿಮುಡಿ ಮತ್ತು ಕೊಡಗು ಆಶ್ಲೇಷ ಮಳೆಯ ಹೊತ್ತಿಗೆ. ಆದ್ದರಿಂದ ಮೃಗಶಿರ ಹುಟ್ಟುವ ಮೊದಲೇ ನಿಮ್ಮ ತಾಲ್ಲೂಕಿನಿಂದ ಕೊಡಗು, ವಯನಾಡಿಗೆ ದುಡಿಯಲು ಹೋದವರ ಹೆಸರು, ಎಸ್ಟೇಟು, ಲೈನು, ಮೇಸ್ತ್ರಿಯ ಫೋನ್ ಇಷ್ಟನ್ನು ಊರೂರಿನಲ್ಲಿ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಪ್ರತಿ ತಹಶೀಲ್ದಾರರ ಬಳಿ, ಒಂದೊಂದು ಪ್ರತಿ ಮೂರೂ ಪಕ್ಷದ ತಾಲ್ಲೂಕು ಅಧ್ಯಕ್ಷರ ಬಳಿ ಇರಲಿ.